ಯಾವೂರು ಅಂದರೆ ಯೇವೂರು

ಎಲ್ಲಿಂದ ಬಂತು ಈ ವಾಸನೆ, ಹಿಟ್ಟು ಹುಳಿ ಬಂದ ಹಾಗೆ, ಕಾಡಿನ ನಡುವೆ ಇಡ್ಲಿಗೆ ಯಾರು ರುಬ್ಬಿಟ್ಟರು ಮಾರಾಯ್ರೆ — ಓ, ಅತ್ತಿಹಣ್ಣು, ದಾರಿ ತುಂಬ ಉದುರಿ ಕೊಳೆತಿದೆ, ಜಯಶೀಲ ಶೆಟ್ರ ಮೂಗು ಮೋಸ ಹೋಗುವುದುಂಟೆ, ಠಾಣೆಯಲ್ಲೊಂದು ಕಾಮೋಠೆಯಲ್ಲೊಂದು ಹೋಟೆಲು ನಿಂತದ್ದೇ ಈ ಮೂಗಿನ ಮೇಲೆ, ಸಾಂಬಾರು ಹಳಸಿದ್ದನ್ನು ಮುಚ್ಚಳ ತೆಗೆಯದೆ ಹೇಳುವವರು, ಮನುಷ್ಯರದ್ದೂ ಅಷ್ಟೇ, ಒಂದು ನೋಟ ಸಾಕು, ಅದಕ್ಕೇ ಅಲ್ಲವೇ ಈ ಗುಡ್ಡ ಹತ್ತಿದ್ದು, ಹುಡುಗಿಯನ್ನು ನೋಡುವುದು, ಇಳಿಯುವುದು, ಕೆಳಗೆ ಕಾಡಿನ ಗೇಟಿನ ಹತ್ತಿರ ಚಹಾ ಕುಡಿಸಿ ನಯವಾಗಿ ಹೇಳುವುದು, ನೋಡು ಸೋನಾಲಿ, ನೀನು ಒಳ್ಳೆಯವಳೇ, ಆದರೆ ನಮ್ಮ ರಂಜನನಿಗೆ ನಮ್ಮ ಪೈಕಿಯವಳೇ ಆಗಬೇಕು, ಮುಗಿಯಿತು. ಹಿಂದೆ ಅವಳ ಬೂಟಿನ ಸದ್ದು, ಒಮ್ಮೆಯೂ ಮುಂದೆ ಬರಲಿಲ್ಲ, ಮರ್ಯಾದೆ ಗೊತ್ತಿದೆ, ಅದನ್ನು ಒಪ್ಪಬೇಕು, ಆದರೂ ಆ ಫೋನು — ಮಗ ಕೈಗಿಟ್ಟು, ಪಪ್ಪಾ, ಆಫೀಸಿನಲ್ಲಿ ನನ್ನ ಜೊತೆಗಿರುವವಳು, ಮದುವೆಯಾದರೆ ಇವಳನ್ನೇ, ಮಾತಾಡಿ ಅಂದ, ಹಿಂದಿ ಬಾಯಿಗೆ ಬರುವ ಮೊದಲೇ ಹುಟ್ಟಿನಿಂದ ಬಂದ ಅಭ್ಯಾಸ ಹೊರಬಿತ್ತು, ಯಾವೂರಮ್ಮಾ? ಅವಳು ತಡವಿಲ್ಲದೆ, ಹೋ ಕಾಕಾ, ಯೇವೂರ್! ಎಂತಹ ಖುಷಿ, ಕನ್ನಡ ತಿಳಿಯುತ್ತದೆ, ಮಾವನಿಗೇ ತಮಾಷೆ ಮಾಡುತ್ತಾಳೆ, ಕಾರ್ಕಳದ ಕಡೆಯವಳೇ ಇರಬೇಕು ಅಂತ ಹೆಂಡತಿ ರತ್ನಾವತಿಗೆ ಹೇಳಿ, ಕನ್ನಡ ಸಂಘದಲ್ಲೂ ಡಂಗುರ ಹೊಡೆದದ್ದಾಯಿತು, ಆಮೇಲೆ ರಂಜನ್ ಹೊಟ್ಟೆ ಹಿಡಿದು ನಕ್ಕು, ಪಪ್ಪಾ, ನೀವು ಯಾವೂರು ಅಂದದ್ದು ಅವಳಿಗೆ ಯೇವೂರಾ ಅಂತ ಕೇಳಿಸಿತು, ಹೌದು ಅಂದಳು, ಯೇವೂರ್ ಅಂದರೆ ಠಾಣೆಯ ಬೆನ್ನಿಗಿರುವ ಗುಡ್ಡ, ನ್ಯಾಷನಲ್ ಪಾರ್ಕು, ಅವಳು ಅಲ್ಲಿಯ ಪಾಡೆಯಲ್ಲೇ, ಕಾಡಿನ ಹಾಡಿಯಲ್ಲೇ ಹುಟ್ಟಿದವಳು, ವಾರ್ಲಿ ಬುಡಕಟ್ಟಿನವಳು — ಛೇ, ಸಂಘದವರ ಮುಂದೆ ಮಾನ ಹೋದದ್ದಕ್ಕೇ ಅರ್ಧ ಸಿಟ್ಟು, ಸುಳ್ಳು ಯಾಕೆ ಹೇಳಬೇಕು.

ಮೇಲಿನ ಬಂಡೆಯಿಂದ ಅವಳು ಕೈ ತೋರಿಸುತ್ತಾಳೆ, ಅಗೋ ಕಾಕಾ, ಘೋಡಬಂದರ್ ರಸ್ತೆ, ನಿಮ್ಮ ಟವರು, ಹೌದಲ್ಲ, ಅದೇ ಬಾಲ್ಕನಿ, ದಿನಾ ಅಲ್ಲಿ ಕುಳಿತು ಇದೇ ಗುಡ್ಡ ನೋಡಿ ಚಹಾ ಕುಡಿದದ್ದು, ಇದರೊಳಗೆ ಒಲೆ ಹಚ್ಚುವವರಿದ್ದಾರೆ ಅಂತ ಒಂದು ದಿನವೂ ಹೊಳೆಯಲಿಲ್ಲವಲ್ಲ, ಸುತ್ತ ಊರು ಬೆಳೆಯಿತು ಕಾಕಾ, ಬಿಬಟ್ಯಾಗೆ ಉಳಿದದ್ದು ಇಷ್ಟೇ ಕಾಡು ಅನ್ನುತ್ತಾಳೆ, ಚಿರತೆಯನ್ನು ನೆರೆಮನೆಯವನ ಹಾಗೆ ಹೇಳುತ್ತಾಳೆ, ಇರಲಿ ಇರಲಿ, ಬಂದರೆ ನೋಡಿಯೇ ಬಿಡುವ, ಜಯಶೀಲ ಶೆಟ್ರು ಎಂತೆಂಥ ಗಿರಾಕಿಗಳನ್ನು ಕಂಡಿದ್ದಾರೆ, ಅಂತ ಬಂದ ದಾರಿಯಲ್ಲೇ ಇಳಿಯುತ್ತ, ಗೇಟಿನ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತ, ಒಳ್ಳೆಯವಳೇ, ಆದರೆ — ಮೊಣಕೈಯನ್ನು ಯಾರೋ ಗಪ್ಪನೆ ಹಿಡಿದರು, ಪಪ್ಪಾ, ಥಾಂಬಾ, ನಿಲ್ಲಿ.

ಪಪ್ಪಾ ಅಂದಳೇ? ಕಾಲಬುಡದ ಧೂಳಿನಲ್ಲಿ ಹತ್ತುವಾಗ ಬಿದ್ದ ತನ್ನದೇ ಬೂಟಿನ ಗುರುತು, ಅದರ ನಡುವೆ, ಒತ್ತಿದ ಹಾಗೆ, ಒಂದು ಚಿರತೆ ಪಂಜ. ಹಸಿ, ಈಗಷ್ಟೇ ಬಿದ್ದದ್ದು. ಹಾಗಾದರೆ ಅದು ಹಿಂದೆಯೇ ಬಂದದ್ದು, ಅದಕ್ಕೂ ತನಗೂ ನಡುವೆ — ಅವಳು. ಹೆದರಬೇಡಿ, ದಾಟಿ ಹೋಗಿದೆ, ಅದು ಬರುವುದು ಹಿಂದಿನಿಂದ, ಅದಕ್ಕೇ ನಮ್ಮ ಆಜಿ ಮನೆಯವರನ್ನು ಯಾವಾಗಲೂ ಮುಂದೆ ಬಿಡುತ್ತಿದ್ದಳು, ನಾನೂ ಹಾಗೇ. ಮನೆಯವರನ್ನು. ಮರ್ಯಾದೆ ಅಂದುಕೊಂಡೆಯಲ್ಲ ಮಂಗ, ಮೂಗಂತೆ ಮೂಗು, ಕಣ್ಣು ಯಾಕೋ ತುಂಬಿಕೊಂಡಿತು, ಬಾಯಿಂದ ಬಂದದ್ದು ಹಿಂದಿಯೋ ಕನ್ನಡವೋ ದೇವರಿಗೇ ಗೊತ್ತು, ನೀನು ಮುಂದೆ ನಡೆ ಮಗಾ, ಹಿಂದೆ ನಾನಿದ್ದೇನೆ, ಇಳಿದು ಸೀದಾ ಮನೆಗೆ, ರತ್ನಾವತಿ ಸೊಸೆಯನ್ನು ನೋಡಬೇಡವೇ, ಅವಳು ತಿರುಗಿ ನೋಡಿ ಮುಂದಾದಳು, ಅವಳ ಹಿಂದೆ ಹೆಜ್ಜೆ, ಬೆನ್ನ ಮೇಲೆಲ್ಲ ತಂಪು, ತಿರುಗಬಾರದು, ನಡೆ, ತನ್ನ ಬೂಟಿನ ಗುರುತು, ಅದರ ನಡುವೆ ಪಂಜ, ನಡೆ ಜಯಶೀಲ, ಬೂಟಿನ ಗುರುತು, ನಡುವೆ ಪಂಜ, ಹಸಿ ಪಂಜ —