ನೊಬೆಲ್ ಒಪ್ಪತ್ತು

ಮಳೆಗಾಗಿ ಒಪ್ಪತ್ತು ಹಿಡಿದವರನ್ನು ಬೆಟಗೇರಿ ಕಂಡಿತ್ತು. ಮಕ್ಕಳಾಗಲೆಂದು ಹಿಡಿದವರನ್ನು, ಕೋರ್ಟಿನ ವ್ಯಾಜ್ಯ ಗೆಲ್ಲಲೆಂದು ಹಿಡಿದವರನ್ನೂ ಕಂಡಿತ್ತು. ಆದರೆ ಸ್ವೀಡನ್ ದೇಶದ ಬಹುಮಾನಕ್ಕಾಗಿ ಹನ್ನೆರಡು ವರ್ಷ ಒಂದೇ ಹೊತ್ತು ಉಂಡವಳು ನರ್ಮದಾ ಒಬ್ಬಳೇ. ಮಧ್ಯಾಹ್ನ ಒಂದು ಊಟ. ಆಮೇಲೆ ಮರುದಿನ ಮಧ್ಯಾಹ್ನದ ತನಕ ನೀರು, ತುಳಸಿ ದಳ, ಅಷ್ಟೇ. ಹಾಲು ಕೂಡ ಇಲ್ಲ.

ಇದು ಅವಳಾಗಿ ಹಚ್ಚಿಕೊಂಡದ್ದಲ್ಲ. ಬೇರೆ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬಂಗಾರದ ಪಾಟಲಿ ಬರುತ್ತವೆ, ಬಿಲ್ವಾರ ಬರುತ್ತವೆ. ನರ್ಮದಾಳಿಗೆ ಒಪ್ಪತ್ತು ಬಂತು.

ಎಲ್ಲ ಶುರುವಾದದ್ದು ಒಂದು ಶಾಲಿನಿಂದ. ಅವಳ ಅಣ್ಣ ಪಾಂಡುರಂಗ ಪಕ್ಕದ ಗದಗಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ. ಎಪ್ಪತ್ತನೇ ಇಸವಿಯಲ್ಲಿ ಅವನ ಒಂದು ಪ್ರಬಂಧ ವಿಲಾಯತಿಯ ಗಣಿತದ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಏನಿದೆ ಎಂದು ಊರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ತಿಳಿಯಲಿಲ್ಲವೆಂದೇ ಗೌರವ ಇಮ್ಮಡಿಯಾಯಿತು. ಕಾಲೇಜಿನವರು ಸತ್ಕಾರ ಇಟ್ಟುಕೊಂಡರು. ಆಡಳಿತ ಮಂಡಳಿಯ ಅಧ್ಯಕ್ಷ ಪುಂಡಲೀಕಪ್ಪನವರು ಹತ್ತಿ ವ್ಯಾಪಾರಿ, ಮೈಕು ಸಿಕ್ಕರೆ ಸುಮ್ಮನೆ ಬಿಡುವ ಜೀವವಲ್ಲ. ಹಿಂದಿನ ತಿಂಗಳು ಕುಸ್ತಿ ಆಡುವ ಹುಡುಗನೊಬ್ಬನಿಗೆ ಭಾಷಣದಲ್ಲೇ ಒಲಿಂಪಿಕ್ ಪದಕ ಕೊಟ್ಟು ಮುಗಿಸಿದ್ದರು. ಈ ಸಲ ಶಾಲು ಹೊದಿಸಿ, "ಇವತ್ತ ಶಾಲು, ನಾಳಿಗೆ ನೊಬೆಲ್! ಬರದಿಟ್ಕೊಳ್ರಿ, ನಮ್ಮ ಪಾಂಡುರಂಗರಾಯರು ಗದಗಿಗೆ ನೊಬೆಲ್ ತರ್ಲಿಲ್ಲಂದ್ರ ನನ್ನ ಹೆಸರ ಬ್ಯಾರೆ!" ಎಂದು ಗುಡುಗಿದರು. ಸಭೆ ಚಪ್ಪಾಳೆ ತಟ್ಟಿತು, ಚಹಾ ಕುಡಿಯಿತು, ಮನೆಗೆ ಹೋಯಿತು.

ಮರೆಯದವಳು ಒಬ್ಬಳೇ, ತಾಯಿ ಅಂಬುಬಾಯಿ. ಅವಳ ಗಂಡ ಗದಗಿನ ವೀರನಾರಾಯಣ ದೇವರ ಗುಡಿಯಲ್ಲಿ ಪರಿಚಾರಕನಾಗಿ ಸವೆದುಹೋದವನು. ಅವನು ಸತ್ತ ಮೇಲೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ದೊಡ್ಡವರು ಆಡಿದ ಮಾತು ಸುಳ್ಳಾಗುತ್ತದೆ ಎಂಬುದು ಅವಳ ತಿಳಿವಳಿಕೆಗೆ ಹೊರಗಿನದು. ಅಂದು ಸಂಜೆ ಮಗನನ್ನು ಕೇಳಿದಳು.

"ಖರೇನ ಏನೋ ಪಾಂಡೂ? ನಿನಗ ಬರ್ತದೇನು ಅದು?"

"ನೋಡೋಣಂತ ಅವ್ವಾ," ಎಂದ ಪಾಂಡುರಂಗ, ಶಾಲಿನ ಅಂಚು ಸವರುತ್ತ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಜಾತಿ ತಾಯಂದಿರದು. ಮರುದಿನವೇ ಅಂಬುಬಾಯಿ ಗುಡಿಗೆ ಹೋಗಿ, ಮಗನಿಗೆ ಆ ಬಹುಮಾನ ಬರುವ ತನಕ ಒಪ್ಪತ್ತು ಎಂದು ದೇವರ ಮುಂದೆ ನೀರು ಬಿಟ್ಟು ಬಂದಳು. ಮೊದಲೇ ಬಡಕಲು ಹೆಂಗಸು. ವರ್ಷ ತುಂಬುವುದರೊಳಗೆ ಹಾಸಿಗೆ ಹಿಡಿದಳು. ವ್ರತ ನಡುವೆ ನಿಲ್ಲುವ ಹಾಗಿಲ್ಲ. ಹಿಡಿದವಳು ಸತ್ತರೆ ಮಗಳೋ ಸೊಸೆಯೋ ಮುಂದುವರಿಸಬೇಕು, ಫಲ ಸಿಕ್ಕ ದಿನ ಉದ್ಯಾಪನೆ ಮಾಡಿ, ಬ್ರಾಹ್ಮಣರಿಗೆ ಊಟ ಹಾಕಿ ಬಿಡಬೇಕು. ನಡುವೆ ಬಿಟ್ಟರೆ ಕೇಡು ಬಿಟ್ಟವಳಿಗಲ್ಲ, ಯಾರ ಹೆಸರಲ್ಲಿ ಹಿಡಿದರೋ ಅವರಿಗೆ. ಸಾಯುವ ಹಿಂದಿನ ದಿನ ಅಂಬುಬಾಯಿ ಮಗಳ ಅಂಗೈಗೆ ತುಳಸಿ ಇಟ್ಟು ನೀರು ಹಾಕಿದಳು.

"ಅಣ್ಣಗ ಬರೂತನಕ ಬಿಡಬ್ಯಾಡವಾ."

"ಬಿಡೂದಿಲ್ಲ," ಎಂದಳು ನರ್ಮದಾ. ಆಗ ಅವಳಿಗೆ ಇಪ್ಪತ್ತೈದು. ಪಾಂಡುರಂಗ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದ.

ಆಮೇಲಿನ ವರ್ಷಗಳಿಗೆಲ್ಲ ಅಕ್ಟೋಬರ್ ಒಂದೇ ತಿಂಗಳು. ರೇಡಿಯೋದ ವಾರ್ತೆಯಲ್ಲಿ ಬಹುಮಾನದ ಸುದ್ದಿ ಬರುವ ದಿನಗಳಲ್ಲಿ ನರ್ಮದಾ ಒಲೆಯ ಮುಂದೆ ಕೈ ನಿಲ್ಲಿಸಿ ಕೂಡುತ್ತಿದ್ದಳು. ಹೆಸರು ಬರುತ್ತಿದ್ದವು, ನಾಲಿಗೆ ಹೊರಳದ ಹೆಸರುಗಳು. ಮದುವೆಯ ಗೋಜಿಗೇ ಹೋಗದ ಪಾಂಡುರಂಗ ರೇಡಿಯೋ ಆರಿಸಿ, ಪಿ.ಯು.ಸಿ. ಹುಡುಗರಿಗೆಂದು ತಾನು ಬರೆಯುತ್ತಿದ್ದ ಗೈಡಿನ ಮುಂದೆ ಮತ್ತೆ ಕೂತುಕೊಳ್ಳುತ್ತಿದ್ದ. ಮರುದಿನ ಪಕ್ಕದ ಮನೆಯ ಯಮನವ್ವ ಮಗ್ಗ ನಿಲ್ಲಿಸಿ ಕೇಳುವಳು:

"ಈ ವರ್ಸನೂ ಬರ್ಲಿಲ್ಲೇನ್ರಿ ಅಕ್ಕಾರ?"

"ಇಲ್ಲವಾ."

"ಎಂಥಾ ಬೇಮಾನ ಮಂದಿ ಐತ್ರಿ ಅದು. ನಮ್ಮ ನೇಕಾರ ಸೊಸೈಟಿ ಸೀರಿ ಬಹುಮಾನಾನ ಪಾಡ. ಮೂರ ವರ್ಸಕ್ಕೊಮ್ಮಿ ಯಾರಿಗರ ಹತ್ತಿ ಬಿಡತೈತಿ."

ಎಪ್ಪತ್ತೈದರಲ್ಲಿ ಲಕ್ಷ್ಮೇಶ್ವರದಿಂದ ಒಂದು ಸಂಬಂಧ ಬಂತು. ನರಸಿಂಹ, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಮೊದಲ ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು, ಕೂಸೂ ಉಳಿದಿರಲಿಲ್ಲ. ವರದಕ್ಷಿಣೆ ಕೇಳಲಿಲ್ಲ, ಜಾತಕ ಕೇಳಲಿಲ್ಲ. ಎಲ್ಲರಿಗೂ ಅವಲಕ್ಕಿ ಕೊಟ್ಟು ತಾನು ಮಾತ್ರ ತಿನ್ನದೆ ನಿಂತ ಹುಡುಗಿಯನ್ನು ನೋಡಿ, "ಯಾಕ್ರಿ, ನಿಮ್ಮ ಕೈ ಅವಲಕ್ಕಿ ಮ್ಯಾಲ ನಿಮಗ ಭರವಸಾ ಇಲ್ಲೇನು?" ಎಂದು ನಕ್ಕ. ನರ್ಮದಾಳಿಗೆ ಅವನು ಹಿಡಿಸಿದ. ಸುತ್ತಿ ಬಳಸಿ ಹೇಳುವುದೇನಿದೆ, ಪೂರಾ ಹಿಡಿಸಿದ. ಅವನು ಹೋದ ಮೇಲೆ ಅವನು ಕುಡಿದಿಟ್ಟ ಕಪ್ಪನ್ನು ಸಂಜೆಯವರೆಗೂ ತೊಳೆಯಲಿಲ್ಲ.

ಆದರೆ ಅಣ್ಣನಿಗಾಗಿ ಹಿಡಿದ ವ್ರತ ತವರಿನದು. ಕನ್ಯಾದಾನವಾಯಿತೆಂದರೆ ಗೋತ್ರ ಬದಲಾಯಿತು, ವ್ರತ ಮುರಿಯಿತು. ನರ್ಮದಾ ಅದನ್ನು ತಾನೇ ಅವನಿಗೆ ಹೇಳಿದಳು.

"ಬಹುಮಾನ ಬಂದ ಮ್ಯಾಲ ಆಗಬಹುದ್ರಿ."

"ಆತು. ಕಾಯ್ತೀನಿ. ಯಾವಾಗ ಬರ್ತದ್ರಿ ಅದು?"

"ಅಕ್ಟೋಬರದಾಗ."

ಮುಂಡರಗಿ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ ಹಾಗೆ ಅವನು ಕೇಳಿದ, ಹಾಗೆಯೇ ಅವಳು ಹೇಳಿದಳು. ಇಬ್ಬರಿಗೂ ನಗು ಬರಲಿಲ್ಲ.

ಅವನು ಒಂದು ಅಕ್ಟೋಬರ್ ಕಾದ, ಇನ್ನೊಂದು ಕಾದ. ನಡುನಡುವೆ ಗದಗಿಗೆ ಬಂದಾಗ ಮನೆಗೆ ಬಂದು ಪಾಂಡುರಂಗನ ಎದುರು ಕೂತು, "ರಾಯರ, ಈ ಸಲರ ಆಶಾ ಅದ ಏನ್ರಿ?" ಎನ್ನುತ್ತಿದ್ದ. ನರ್ಮದಾ ಒಳಗೆ ಪಾತ್ರೆಯ ಸದ್ದಾಗದ ಹಾಗೆ ನಿಂತು ಕೇಳುವಳು.

"ಹೆಂಗ ಹೇಳ್ಲಿಕ್ಕೆ ಬರ್ತದ ಮಾಸ್ತರ? ಸಣ್ಣ ಬಹುಮಾನ ಅಲ್ಲ ಅದು. ತಡ ಆಗ್ತದ," ಎನ್ನುತ್ತಿದ್ದ ಪಾಂಡುರಂಗ, ಗಂಭೀರವಾಗಿ.

ಎಪ್ಪತ್ತೇಳರ ಬೇಸಿಗೆಯಲ್ಲಿ ನರಸಿಂಹ ಮಾಸ್ತರ ಶಿರಹಟ್ಟಿಯ ಹುಡುಗಿಯನ್ನು ಮಾಡಿಕೊಂಡ. ಮದುವೆಗೆ ಕರೆಯಲು ತಾನೇ ಬಂದಿದ್ದ, ಅಷ್ಟು ಸಭ್ಯ ಮನುಷ್ಯ. "ನಮ್ಮವ್ವಗ ವಯಸ್ಸಾತ್ರಿ," ಎಂದು ನೆಲ ನೋಡುತ್ತ ಹೇಳಿದ. ನರ್ಮದಾ ಚಹಾ ಕೊಟ್ಟಳು, ಕುಂಕುಮ ಹಚ್ಚಿದ ಪತ್ರಿಕೆ ತೆಗೆದುಕೊಂಡಳು, ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆ ಅಕ್ಟೋಬರಿನಲ್ಲಿಯೂ ಬಹುಮಾನ ಬೇರೆಯವರಿಗೇ ಹೋಯಿತು.

ಎಂಬತ್ಮೂರರಲ್ಲಿ ನಮ್ಮ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವಿಜ್ಞಾನಿಯೊಬ್ಬರಿಗೆ ಅದು ಬಂತು. ಗದಗಿನವರಿಗೆ ಅವರ ಮನೆತನ, ಮಠ ಒಂದೂ ಗೊತ್ತಿಲ್ಲ, ಆದರೂ ತಮ್ಮ ಅಳಿಯನಿಗೇ ಬಂದಷ್ಟು ಸಂಭ್ರಮ. ಕಾಲೇಜಿನಲ್ಲಿ ಬಹುಮಾನದ ಇತಿಹಾಸದ ಮೇಲೆ ಒಂದು ಉಪನ್ಯಾಸ ಇಟ್ಟರು. ಧಾರವಾಡದಿಂದ ಪ್ರೊಫೆಸರರೊಬ್ಬರು ಬಂದರು. ಗಣಿತ ವಿಭಾಗದ ಮುಖ್ಯಸ್ಥನೆಂದು ಪಾಂಡುರಂಗನಿಗೆ ಅಧ್ಯಕ್ಷತೆ.

"ನಾನೂ ಬರ್ತೀನಿ ಅಣ್ಣಾ," ಎಂದಳು ನರ್ಮದಾ.

"ನಿನಗ ತಿಳಿಯೂವಂಥಾದ್ದು ಏನಿರ್ತದ ಅಲ್ಲೆ? ಸುಮ್ನ ಮನ್ಯಾಗಿರು."

ಹನ್ನೆರಡು ವರ್ಷ ಯಾವುದಕ್ಕಾಗಿ ಹಸಿದಿದ್ದಳೋ ಅದರ ಕಥೆ ಹೇಳುತ್ತಾರಂತೆ, ಕೇಳದಿರುವುದು ಹೇಗೆ? ಅವನು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ, ಯಮನವ್ವನಿಗೆ ಹೇಳಿ, ಹೊರಟಳು. ಸಭಾಂಗಣದಲ್ಲಿ ಲೆಕ್ಚರರ ಹೆಂಡಂದಿರ ಹಿಂದಿನ ಬೆಂಚಿನಲ್ಲಿ ಕೂತಳು.

ಪ್ರೊಫೆಸರರು ರಸವತ್ತಾಗಿ ಮಾತಾಡುವವರು. ಡೈನಮೈಟ್ ಕಂಡುಹಿಡಿದು ಸಿರಿವಂತನಾದ ನೊಬೆಲ್ಲನ ಕಥೆ ಹೇಳಿದರು. ಅವನ ಅಣ್ಣ ಸತ್ತಾಗ ಪತ್ರಿಕೆಯವರು ಇವನೇ ಸತ್ತನೆಂದು ತಿಳಿದು ಸಾವಿನ ವ್ಯಾಪಾರಿ ಎಂದು ಬರೆದರಂತೆ, ಅದನ್ನೋದಿ ಇವನ ಮನಸ್ಸು ತಿರುಗಿತಂತೆ ಎಂದರು. ಮೃತ್ಯುಪತ್ರ ತೆರೆದಾಗ ಬಳಗದವರು ಹೌಹಾರಿ ಜಗಳ ತೆಗೆದದ್ದು, ಕೊನೆಗೆ ೧೯೦೧ರಲ್ಲಿ ಮೊದಲ ಬಹುಮಾನ ಕೊಟ್ಟದ್ದು, ಎಲ್ಲ ಬಂತು. ನರ್ಮದಾಳಿಗೆ ಎಲ್ಲವೂ ತಿಳಿಯಿತು. ತನ್ನ ಮನೆಯ ದೇವರ ಮಹಿಮೆ ಕೇಳಿದಂತೆ ಕಣ್ಣರಳಿಸಿ ಕೂತಿದ್ದಳು.

"ಈ ಬಹುಮಾನ ಬಂದದ್ದ ತಡ," ಎಂದರು ಪ್ರೊಫೆಸರರು, "ಜಗತ್ತಿನ ವಿದ್ಯಾದಾಗ ಎರಡು ಜಾತಿ ಆದವು ನೋಡ್ರಿ. ಬಹುಮಾನ ಇದ್ದ ವಿದ್ಯಾ, ಬಹುಮಾನ ಇಲ್ಲದ ವಿದ್ಯಾ. ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ಸಾಹಿತ್ಯ, ಶಾಂತಿ, ಇವು ಐದು ಪಂಕ್ತಿಯೊಳಗ ಕೂತವು. ಆಮ್ಯಾಲ ಅರ್ಥಶಾಸ್ತ್ರಾನೂ ಬಂದು ಕೂತಿತು. ಗಣಿತ? ಗಣಿತಕ್ಕ ಎಲಿನ ಹಾಕಿಲ್ಲ! ಗಣಿತದವರದು ಬ್ಯಾರೆ ಒಂದು ಪದಕ ಅದ, ಖರೆ. ಅದೂ ನಾಲ್ವತ್ತು ವರ್ಷದ ಒಳಗಿನವರಿಗೆ ಅಷ್ಟ." ವೇದಿಕೆಯತ್ತ ತಿರುಗಿದರು. "ಹಿಂಗಾಗಿ ನಮ್ಮ ಅಧ್ಯಕ್ಷರಿಗೆ ಎರಡೂ ಬಾಗಿಲ ಬಂದ್. ಹೌದಲ್ರಿ ರಾಯರ?"

ಸಭೆ ನಕ್ಕಿತು. ಪಾಂಡುರಂಗನೂ ನಕ್ಕ. ಹಳೆಯ ಚೇಷ್ಟೆಯೊಂದನ್ನು ಮತ್ತೆ ಕೇಳಿದವನ ಹಾಗೆ, ತಲೆ ಆಡಿಸುತ್ತ, ಹಾಯಾಗಿ ನಕ್ಕ. ಆಗ ಅವನಿಗೆ ಹಿಂದಿನ ಬೆಂಚಿನಲ್ಲಿ ಕೂತ ತಂಗಿ ಕಂಡಳು.

ನರ್ಮದಾ ಎದ್ದು ಹೊರಗೆ ಬಂದಳು. ಟಾಂಗಾ ಹಿಡಿಯಬೇಕೆಂದು ಹೊಳೆಯಲಿಲ್ಲ, ಬೆಟಗೇರಿಯ ತನಕ ನಡೆದಳು. ಕಾಲಿಗಿಂತ ಮುಂಚೆ ತಲೆ ನಡೆಯುತ್ತಿತ್ತು. ಅಣ್ಣನಿಗೆ ಗೊತ್ತಿರಲಿಲ್ಲವೇನೋ, ಇವತ್ತೇ ತಿಳಿಯಿತೇನೋ ಎಂದು ಅರ್ಧ ದಾರಿ ತನ್ನೊಳಗೇ ಬಡಿದಾಡಿದಳು. ಆದರೆ ಆ ನಗೆ ಇವತ್ತು ತಿಳಿದವನ ನಗೆ ಅಲ್ಲ. ಅಷ್ಟು ಅವಳಿಗೆ ತಿಳಿಯದಿದ್ದರೆ ಅವನ ಜೊತೆ ಬಾಳಿ ಏನು ಬಂತು?

ದೀಪ ಹಚ್ಚುವ ಹೊತ್ತಿಗೆ ಪಾಂಡುರಂಗ ಮನೆಗೆ ಬಂದ. ಹಾರ ಮೊಳೆಗೆ ಹಾಕಿದ. ಅವಳು ಅನ್ನ ಇಳಿಸುತ್ತಿದ್ದಳು.

"ಗಣಿತಕ್ಕ ಇಲ್ಲಂತ ಗೊತ್ತಿತ್ತೇನು ನಿನಗ?"

"ಗಣಿತ ಓದಿದವರಿಗೆಲ್ಲಾ ಗೊತ್ತಿರ್ತದ ಅದು."

"ಅವ್ವ ನನ್ನ ಕೈಯಾಗ ನೀರ ಹಾಕಿದಾಗನೂ?"

"ಹೂಂ."

"ನರಸಿಂಹ ಮಾಸ್ತರ ಬಂದಾಗ?"

ಪಾಂಡುರಂಗ ಮಣೆಯ ಮೇಲೆ ಕೂತು ತನ್ನ ಪಾದ ನೋಡಿಕೊಂಡ.

"ಒಂದ ಮಾತು ಅಣ್ಣಾ. ಒಂದ ಮಾತು ಹೇಳಿದ್ರ ನನ್ನ ಸಂಸಾರ ಆಗ್ತಿತ್ತು."

"ಹೇಳಬೇಕಂತಿದ್ದೆ," ಎಂದ ಅವನು. ದನಿ ಸಣ್ಣದಾಗಿತ್ತು. "ಆ ಪ್ರಬಂಧದ ಮ್ಯಾಲ ನನಗ ಏನೂ ಹೊಳೀಲಿಲ್ಲ ನರ್ಮದಾ. ಒಂದ ಗೆರಿನೂ ಹೊಳೀಲಿಲ್ಲ. ಕಾಲೇಜಿನಾಗ ಮರತ್ರು, ಊರಾಗ ಮರತ್ರು. ರಾತ್ರಿ ನೀ ನನಗಷ್ಟ ಬಡಿಸಿ ಸುಮ್ನ ಕೂಡ್ತಿದ್ದೆಲ್ಲಾ, ಅವಾಗ ನಾನೂ ದೊಡ್ಡಾವ ಅಂತ ಅನಸ್ತಿತ್ತು. ಅದೊಂದ ಉಳದಿತ್ತು ನನಗ."

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಹೊಟ್ಟೆಯಿಂದ ಎದ್ದು ಕಣ್ಣು ಸುಡುವಂಥ ಸಿಟ್ಟು. ತನ್ನ ಹಸಿವನ್ನು ಇವನು ದಿನಾ ಉಂಡಿದ್ದ. ಗೂಡಿನಿಂದ ಇನ್ನೊಂದು ತಾಟು ತೆಗೆದಳು. ಅನ್ನ ಹಾಕಿದಳು, ಸಾರು ಹಾಕಿದಳು, ಅವನ ಎದುರೇ ಕೂತಳು.

"ಏನ ಮಾಡ್ಲಿಕತ್ತೀ?"

"ಉಣ್ಣಲಿಕತ್ತೀನಿ."

ಪಾಂಡುರಂಗನ ಮುಖ ಬಿಳಿಚಿತು. ಎಂ.ಎಸ್ಸಿ. ಮೊದಲ ದರ್ಜೆ ಪಾಸಾದವನು ಗಾಬರಿಯಿಂದ ಮಣೆ ಬಿಟ್ಟು ಎದ್ದ. "ಬ್ಯಾಡ! ಉದ್ಯಾಪನಾ ಇಲ್ಲದ ಬಿಟ್ರ ನನ್ನ ಮ್ಯಾಲ ಬರ್ತದ. ಅವ್ವ ಹೇಳಿದ್ದಿಲ್ಲೇನು? ನನಗ ಮೊದ್ಲೇ ಎದಿನೋವು ಅದ."

"ಇಲ್ಲದ ಬಹುಮಾನಕ್ಕ ಯಾವತ್ತ ಮಾಡ್ಲಿ ಉದ್ಯಾಪನಾ?" ಎಂದು ಅವಳು ತುತ್ತು ಕಲಸಿದಳು.

ಮೊದಲ ತುತ್ತು ಇಳಿಯಿತು. ಎರಡನೆಯದೂ ಇಳಿಯಿತು. ಬಿಸಿ ಅನ್ನ, ಹುಳಿ ಹದವಾಗಿ ಬಿದ್ದ ಸಾರು. ತಾನೇ ಮಾಡಿದ ಅಡಿಗೆಯ ರಾತ್ರಿಯ ರುಚಿ ಅವಳಿಗೆ ಗೊತ್ತೇ ಇರಲಿಲ್ಲ. ತಾಟು ಬರಿದಾಗುವ ತನಕ ಉಂಡಳು, ತಲೆ ಎತ್ತಲಿಲ್ಲ. ಕೈ ತೊಳೆಯಲು ಬಚ್ಚಲಿಗೆ ಹೋದಾಗ ಹೊಟ್ಟೆ ತೊಳಸಿತು. ಸೂರ್ಯ ಮುಳುಗಿದ ಮೇಲೆ ಅನ್ನ ಒಲ್ಲೆನೆಂದು ಕಲಿತ ಹೊಟ್ಟೆ, ಅವಳ ಮಾತನ್ನು ಕೇಳಲಿಲ್ಲ. ಉಂಡದ್ದೆಲ್ಲ ಹೊರಗೆ ಬಂತು. ಗೋಡೆ ಹಿಡಿದು ಬಗ್ಗಿದಳು, ಮತ್ತೆ ಬಂತು, ಕೊನೆಗೆ ಬರೀ ಹಳದಿ ನೀರು.

ಪಾಂಡುರಂಗ ಹಿಂದೆಯೇ ಬಂದ. ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರಿಗಾಗಿ ತಂಬಿಗೆಯಲ್ಲಿ ನೀರು ತಂದಿದ್ದ. ಅವಳು ಬಾಯಿ ಮುಕ್ಕಳಿಸಿ ಅವನನ್ನು ನೋಡಿದಳು. ಇನ್ನಾದರೂ ಒಂದು ಮಾತು ಹೇಳುತ್ತಾನೆಂದು, ತಪ್ಪಾಯಿತು ಎನ್ನುತ್ತಾನೆಂದು, ಅವಳ ಹುಚ್ಚು ಮನಸ್ಸು ಆಗಲೂ ಕಾದಿತ್ತು.

ಅವನು ಬಚ್ಚಲ ಕಲ್ಲನ್ನು ಬಗ್ಗಿ ನೋಡಿದ. ಬಿಗಿದಿದ್ದ ಮುಖ ಸಡಿಲಾಯಿತು, ದೊಡ್ಡ ಉಸಿರು ಬಿಟ್ಟ.

"ಎಲ್ಲಾ ಬಂತಲ್ಲಾ, ಸಾಕು," ಎಂದ. "ಹೊಟ್ಯಾಗ ನಿಲ್ಲದ್ದು ಉಂಡಂಗ ಅಲ್ಲ. ಒಪ್ಪತ್ತು ಕೆಟ್ಟಿಲ್ಲ ನರ್ಮದಾ."