ಖಾಲಿ ಎಂದು ಕೊಟ್ಟ ಪಿಸ್ತೂಲು

ಕಾವಲು ಕಂಪನಿಯ ತರಬೇತಿ ಕೋಣೆಯಲ್ಲಿ ಮೇಷ್ಟ್ರ ಪರೀಕ್ಷೆ ಅಂದರೆ ಎಂಥ ಗಟ್ಟಿ ಆಳಿಗೂ ಕೈ ಬೆವರುತ್ತಿತ್ತು. ನೋಡಿದರೆ ಪರೀಕ್ಷೆಯಲ್ಲಿ ಏನೂ ಇಲ್ಲ. ಮೇಷ್ಟ್ರು ಪಿಸ್ತೂಲನ್ನು ಕೈಗಿಟ್ಟು, "ಖಾಲಿ ಇದೆ, ಬಿಚ್ಚಿ ತೋರ್ಸು" ಅನ್ನುವರು. ಆ ಜಾತಿಯ ಪಿಸ್ತೂಲನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಅವರ ಮಾತು ನಂಬಿ, ಒಳಗೆ ನೋಡದೆ ಒತ್ತಿದರೆ 'ಟಕ್' ಎಂದು ಸದ್ದಾಗುತ್ತದೆ. ನೋಡುವ ಮೊದಲೇ ಸದ್ದಾಯಿತೋ, ಫೇಲು! ಯಾರು ಏನೇ ಹೇಳಲಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಸುಮ್ಮನೆಯೇ? ಆದರೂ ನೂರಕ್ಕೆ ನಲವತ್ತು ಜನ ನಂಬುತ್ತಿದ್ದರು. ಮೀಸೆ ನರೆತ ಮನುಷ್ಯ, ಮೂವತ್ತು ವರ್ಷದ ಅನುಭವ. ಅವರೆದುರೇ ಅವರ ಮಾತನ್ನು ಪರೀಕ್ಷಿಸುವುದು ಹೇಗೆ ಎಂಬ ಸಂಕೋಚ. ಆ ಸಂಕೋಚಕ್ಕೇ ಮೇಷ್ಟ್ರು ಸೊನ್ನೆ ಹಾಕುತ್ತಿದ್ದರು.

ಆ ದಿನ ಮೊದಲ ಸರದಿ ಅವರ ಸೊಸೆಯದು. ಮಗ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ಐದು ತಿಂಗಳಾಗಿತ್ತು. ಮನೆಯಲ್ಲಿ ಸಂಬಳ ತರುವವರು ಮೇಷ್ಟ್ರೊಬ್ಬರೇ. ಬ್ಯಾಂಕಿನ ಬಾಗಿಲಿಗೆ ಮಹಿಳಾ ಗಾರ್ಡ್ ಬೇಕೆಂದು ಗೊತ್ತಾದಾಗ ಸೊಸೆ ಅರ್ಜಿ ಹಾಕಿದಳು. ಮೇಷ್ಟ್ರಿಗೆ ಮೈ ಉರಿದುಹೋಯಿತು. ಪಿಸ್ತೂಲು ಏನು ಮಾಡುತ್ತದೆಂದು ಬಲ್ಲ ಮನುಷ್ಯ. ಅದನ್ನು ತಮ್ಮ ಮನೆಯ ಹೆಣ್ಣುಮಗಳ ಸೊಂಟದಲ್ಲಿ ನೋಡಲು ಅವರಿಗೆ ಹೆದರಿಕೆ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ, ಮಹಾನುಭಾವರು! ಪರೀಕ್ಷೆಯ ದಿನ ಬೆಳಿಗ್ಗೆ ಹೆಂಡತಿಯೊಡನೆ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿ, ಮುಖ ಊದಿಸಿಕೊಂಡು ಕೆಲಸಕ್ಕೆ ಬಂದರು. ಒಮ್ಮೆ ಫೇಲಾದರೆ ಇನ್ನೊಂದು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಎಂಟು ವರ್ಷದಲ್ಲಿ ಒಮ್ಮೆಯೂ ಮಾವನಿಗೆ ಎದುರಾಡದವಳು ಇಲ್ಲಿ ಆಡುತ್ತಾಳೆಯೇ? ಫೇಲಾಗಲಿ ಎಂದೇ ಅವರು ಬಯಸಿದ್ದರು.

"ತಗೋ. ಖಾಲಿ ಇದೆ. ಬಿಚ್ಚಿ ತೋರ್ಸು."

ಸರದಿಗೆ ಕಾದು ಬೆಂಚಿನ ಮೇಲೆ ಕೂತಿದ್ದ ಐದು ಜನ ಕತ್ತು ಚಾಚಿದರು. ಸೊಸೆ ಪಿಸ್ತೂಲು ತೆಗೆದುಕೊಂಡು ನಳಿಗೆಯನ್ನು ಮೂಲೆಯ ಮರಳಿನ ಪೆಟ್ಟಿಗೆಯ ಕಡೆ ತಿರುಗಿಸಿದಳು. ತೋರುಬೆರಳು ಟ್ರಿಗರಿನಿಂದ ದೂರ, ಪಿಸ್ತೂಲಿನ ಪಕ್ಕೆಗೆ ನೆಟ್ಟಗೆ ಒರಗಿತ್ತು. ಹಿಡಿಯೊಳಗೆ ಗುಂಡುಗಳ ಮ್ಯಾಗಜಿನ್ ಇಲ್ಲವೆಂದು ಮುಟ್ಟಿ ನೋಡಿಕೊಂಡಳು.

"ಖಾಲಿ ಅಂದ್ನಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು ಮಾವ," ಎಂದು ಸೊಸೆ ಮೇಲಿನ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದಳು.

ನಳಿಗೆಯ ಹಿಂಬದಿಯಿಂದ ಗುಂಡೊಂದು ಚಿಮ್ಮಿ ನೆಲಕ್ಕೆ ಬಿತ್ತು. ಉರುಳಿ ಬಂದು ಮೇಷ್ಟ್ರ ಬೂಟಿಗೆ ತಗಲಿ ನಿಂತಿತು.

"ಅಯ್ಯಪ್ಪಾ! ಡಮ್ಮಿ ಇಟ್ಟು ಕೊಟ್ಟಿದಾರೆ ಕಣ್ರೋ, ಪಾಕಡಾ ಮೇಷ್ಟ್ರು!" ಎಂದು ಬೆಂಚಿನವನೊಬ್ಬ ಚಪ್ಪಾಳೆ ಹೊಡೆದ. ಉಳಿದವರೂ ಹೊಡೆದರು.

ಮೇಷ್ಟ್ರು ಬಗ್ಗಿ ಅದನ್ನು ಎತ್ತಿಕೊಂಡರು. ಡಮ್ಮಿ ಗುಂಡಿಗೆ ಕೆಂಪು ಬಣ್ಣ ಬಳಿದಿರುತ್ತದೆ. ಇದಕ್ಕೆ ಬಣ್ಣವಿರಲಿಲ್ಲ.

ಬೆಳಿಗ್ಗೆ ಗುರಿ ಹೊಡೆದು ಬಂದ ಮೇಲೆ ಪಿಸ್ತೂಲು ಖಾಲಿ ಮಾಡಿದವರು ಅವರೇ. ಕೈ ಕೆಲಸ ಮಾಡುತ್ತಿತ್ತು, ತಲೆಯೊಳಗೆ ಹೆಂಡತಿಯ ಜೊತೆಗಿನ ಜಗಳವೇ ನಡೆದಿತ್ತು. ಸ್ಲೈಡ್ ಹಿಂದೆ ಹೋದಾಗ ನಳಿಗೆಯಲ್ಲಿದ್ದದ್ದನ್ನು ಹೊರಗೆಸೆಯುತ್ತದೆ. ಸ್ಪ್ರಿಂಗಿನ ಬಲಕ್ಕೆ ಮುಂದೆ ಬರುವಾಗ ಮ್ಯಾಗಜಿನ್ನಿನಿಂದ ಮತ್ತೊಂದನ್ನು ಒಳಗೆ ತಳ್ಳುತ್ತದೆ. ಅದಕ್ಕೇ ಮೊದಲು ಮ್ಯಾಗಜಿನ್ ಕಳಚಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಸಾವಿರಾರು ಜನಕ್ಕೆ ಇದನ್ನೇ ಬಾಯಿಪಾಠ ಮಾಡಿಸಿದ ಮನುಷ್ಯ ಅಂದು ಮೊದಲು ಸ್ಲೈಡ್ ಎಳೆದು, ಆಮೇಲೆ ಮ್ಯಾಗಜಿನ್ ಕಳಚಿದ್ದರು. ಬುತ್ತಿ ಕಿತ್ತುಕೊಂಡರೂ ಬಾಯಲ್ಲಿ ತುತ್ತು ಉಳಿದ ಹಾಗೆ ಒಂದು ಗುಂಡು ಒಳಗೇ ಉಳಿದಿತ್ತು. ಕಣ್ಣು ಹಾಯಿಸಿ ನೋಡಿದ್ದರೆ ಕಾಣುತ್ತಿತ್ತು. ನೋಡಿರಲಿಲ್ಲ.

ಸೊಸೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮಾವ, ಬೇಕಂತ್ಲೇ ಡಮ್ಮಿ ಇಟ್ಟಿದ್ದೆ ಅಂದ್ಬಿಡಿ. ನಾನಂತೂ ಬಾಯಿ ಬಿಡಲ್ಲ."

ತರಗತಿಯಲ್ಲಿ ನಿಜವಾದ ಗುಂಡಿರುವ ಪಿಸ್ತೂಲು ಕೊಟ್ಟವರ ತರಬೇತುದಾರ ಕಾರ್ಡು ಅಂದೇ ರದ್ದು, ಕೆಲಸವೂ ಹೋದಂತೆ. ಅದು ಕಂಪನಿಯ ನಿಯಮ, ಬರೆದವರೂ ಮೇಷ್ಟ್ರೇ. ಅವರು ಸೊಸೆಯ ಎಡಗೈ ನೋಡಿದರು. ಹೊಸಬರು ಬಿಚ್ಚುವಾಗ ಸ್ಲೈಡಿನ ಮೂತಿಯನ್ನೇ ಹಿಡಿಯುತ್ತಾರೆ, ಅಂಗೈ ನಳಿಗೆಯ ಬಾಯಿಗೆ ಅಡ್ಡ ಬರುತ್ತದೆ. 'ಟಕ್' ಎನ್ನಬೇಕಾದ ಕಡೆ ಏನಾಗುತ್ತಿತ್ತು ಎಂದು ಯೋಚಿಸಿದರು. ಕುರ್ಚಿ ಎಳೆದುಕೊಂಡು ಕೂತರು.

"ಚಪ್ಪಾಳೆ ಸಾಕು," ಎಂದರು. "ಇದು ಡಮ್ಮಿ ಅಲ್ಲ. ಮದ್ದು ತುಂಬಿರೋ ಗುಂಡು. ತಪ್ಪು ನಂದು. ಏನು ಮಾಡ್ದೆ ಹೇಳ್ತೀನಿ, ಕಿವಿ ಕೊಟ್ಟು ಕೇಳಿ."

ಹೇಳಿದರು, ಒಂದನ್ನೂ ಬಿಡದೆ. ಸೊಸೆ ಪಿಸ್ತೂಲು ಬಿಚ್ಚಿ, ಜೋಡಿಸಿ ತೋರಿಸಿದಳು. ಮೇಷ್ಟ್ರು ಅವಳ ಹಾಳೆಯಲ್ಲಿ 'ಪಾಸು' ಎಂದು ಬರೆದು ರುಜು ಹಾಕಿದರು. ಆಮೇಲೆ ಮ್ಯಾನೇಜರ ಕೋಣೆಗೆ ಹೋಗಿ ಕಾರ್ಡನ್ನು ಮೇಜಿನ ಮೇಲಿಟ್ಟರು. ಮ್ಯಾನೇಜರು ಗೊಣಗಿದರು, ಆದರೆ ಹಿಂದಕ್ಕೆ ಕೊಡಲಿಲ್ಲ. ಸೋಮವಾರದಿಂದ ಆ ಮನೆಯಿಂದ ಡ್ಯೂಟಿಗೆ ಹೊರಡುವವಳು ಸೊಸೆಯೊಬ್ಬಳೇ.

ಬಸ್ ಸ್ಟಾಪಿನಲ್ಲಿ ಇಬ್ಬರೇ ಇದ್ದರು. ಮೇಷ್ಟ್ರು ರಸ್ತೆಯ ಕಡೆ ನೋಡುತ್ತಲೇ ಹೇಳಿದರು.

"ನೀನು ಫೇಲಾಗ್ಲಿ ಅಂತಿದ್ದೆ ಕಣಮ್ಮ."

"ಗೊತ್ತಿತ್ತು ಮಾವ," ಎಂದಳು ಸೊಸೆ. "ಗೊತ್ತಿಲ್ದೆ ಇದ್ದಿದ್ರೆ ನಿಮ್ಮ ಮಾತು ನಂಬಿಬಿಡ್ತಿದ್ದೆ."