ಹಳದಿ ತೊಟ್ಟಿಯವನು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳ ಮಾತೇ ಕೊನೆಯ ಮಾತು. ಗಿರಾಕಿ ಕಳಿಸಿದ ತುಂಡಿನ ಪಕ್ಕ ಹೊಸ ಬಟ್ಟೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, "ಕೂದಲೆಳೆಯಷ್ಟು ಕೆಂಪು ಜಾಸ್ತಿ" ಎಂದರೆ ಮುಗಿಯಿತು, ಇಡೀ ಬಟ್ಟೆ ವಾಪಸು ತೊಟ್ಟಿಗೆ. ಮಾಲೀಕನೂ ತುಟಿಪಿಟಕ್ಕೆನ್ನುವಂತಿರಲಿಲ್ಲ. ಅವಳ ಗಂಡ ಅಲ್ಲೇ ಹಳದಿ ತೊಟ್ಟಿಯ ಕೆಲಸಗಾರ. ಹದಿನೆಂಟು ವರ್ಷದಿಂದ ಅವನ ಉಗುರು, ಅಂಗೈ, ಕತ್ತಿನ ಮಡಿಕೆ ಎಲ್ಲ ಹಳದಿ. "ಇವರನ್ನ ಹಿಂಡಿದ್ರೆ ಇನ್ನೆರಡು ಸೀರೆಗೆ ಬಣ್ಣ ಸಿಗುತ್ತೆ" ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದ. ಗಂಡಸರಿಗೆ ಹೊಟ್ಟೆನೋವೆಂದರೆ ಗ್ಯಾಸು, ಬೇರೆ ಕಾಯಿಲೆಯೇ ಅವರಿಗೆ ಗೊತ್ತಿಲ್ಲ. ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸಿಬಿಡಿ ಎಂದು ಡಾಕ್ಟರು ಒಮ್ಮೆ ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ.

ಆಮೇಲೆ ಮೈಯೆಲ್ಲ ಕೆರೆತ ಶುರುವಾಯಿತು. ತೊಟ್ಟಿಯ ಬಣ್ಣದ್ದು ಅಂದುಕೊಂಡರು. ಮೂತ್ರ ಕಪ್ಪಾಯಿತು, ಸೆಕೆಗೆ ಅಂದುಕೊಂಡರು. ಕಣ್ಣಿನ ಬಿಳಿಭಾಗ ಹಳದಿಯಾದದ್ದನ್ನು ಎಲ್ಲರಿಗಿಂತ ಮೊದಲು ಅವಳೇ ನೋಡಿದಳು. "ಬಣ್ಣದ ಕೈಲಿ ಕಣ್ಣುಜ್ಜಬೇಡಿ ಅಂತ ಎಷ್ಟು ಸಲ ಬಡ್ಕೊಳ್ಲಿ" ಎಂದು ಗದರಿ, ತಣ್ಣೀರಲ್ಲಿ ತೊಳೆಸಿದಳು. ಹೀಗೇ ಮೂರು ವಾರ ಕಳೆಯಿತು. ಕೊನೆಗೆ ಚಳಿಜ್ವರ ಬಂದು ಅವನು ತೊಟ್ಟಿಯ ಪಕ್ಕವೇ ಕುಸಿದ.

ಆಸ್ಪತ್ರೆಯ ಡಾಕ್ಟರಮ್ಮ ಕಾಗದದ ಮೇಲೆ ಗೀಚಿ ತೋರಿಸಿದರು. "ಪಿತ್ತ ಲಿವರ್‌ನಲ್ಲಿ ಹುಟ್ಟಿ ಈ ನಾಳದಲ್ಲಿ ಕರುಳಿಗೆ ಇಳಿಯುತ್ತೆ. ಪಿತ್ತಕೋಶದ ಕಲ್ಲು ಜಾರಿ ಇಲ್ಲಿ ಸಿಕ್ಕಿಕೊಂಡಿತ್ತು. ಪಿತ್ತ ಹಿಂದಕ್ಕೆ ಒತ್ತಿ ಲಿವರ್ ಊದಿಕೊಂಡಿದೆ. ಕಲ್ಲು ತೆಗೆದಿದೀವಿ, ಆದ್ರೆ ನಂಜು ರಕ್ತಕ್ಕೆ ಸೇರಿದೆ. ಕಣ್ಣು ಹಳದಿಯಾಗಿ ಎಷ್ಟು ದಿನ ಆಯ್ತು?"

"ಮೂರು ವಾರ."

"ಯಾರೂ ನೋಡ್ಲಿಲ್ವಾ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. "ನಾನು ನೋಡ್ದೆ," ಎಂದಳು. "ತೊಟ್ಟಿ ಬಣ್ಣ ಅಂದ್ಕೊಂಡೆ."

ಹಳದಿ ಇಳಿದರೆ ಲಿವರ್ ಚೇತರಿಸಿಕೊಳ್ಳುತ್ತಿದೆ ಎಂದು ಅರ್ಥ, ಏರಿದರೆ ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದರು. ಅದನ್ನು ಮಂಚದ ಮೇಲಿದ್ದ ಅವನೂ ಕೇಳಿಸಿಕೊಂಡಿದ್ದ. ರಕ್ತದ ರಿಪೋರ್ಟಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ದಿನಾ ಬೆಳಿಗ್ಗೆ ಹೆಂಡತಿ ಬಂದ ಕೂಡಲೇ ಮುಖವನ್ನು ಕಿಟಕಿಯತ್ತ ಹೊರಳಿಸಿ ಕಾಯುತ್ತಿದ್ದ.

ನಾಲ್ಕನೆಯ ದಿನ ಅವನಿಗೆ ತಲೆ ಎತ್ತಲೂ ಆಗಲಿಲ್ಲ. "ನೋಡಿ ಹೇಳೇ," ಎಂದ. "ನಿನ್ನೆಗಿಂತ ಹೇಗಿದೆ?"

ಅವಳು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬಣ್ಣ ನಿನ್ನೆಗಿಂತ ಗಾಢವಾಗಿತ್ತು. ಹಳದಿಯೊಳಗೆ ಹಸಿರು ಸೇರಿತ್ತು. ನರ್ಸಿಗೆ ಅದು ಕಾಣುತ್ತಿರಲಿಲ್ಲವೇನೋ.

"ಇಳಿದಿದೆ ರೀ."

"ನಿಜವಾಗ್ಲೂ?"

"ಬಣ್ಣದ ವಿಷಯದಲ್ಲಿ ನಾನು ಯಾವತ್ತಾದ್ರೂ ತಪ್ಪು ಹೇಳಿದೀನಾ?"

ಇಲ್ಲವೆಂದು ತಲೆಯಾಡಿಸಿ ಅವನು ನೆಮ್ಮದಿಯಾಗಿ ಕಣ್ಣು ಮುಚ್ಚಿದ.